ದೊಡ್ಡಕ್ಕೋರು ಹೆಸರು ಕೂಗುತ್ತಿದ್ದ ಊರು

ಸುಣ್ಣದ ಕಲ್ಲಿನ ಗುಡ್ಡದ ನೆತ್ತಿಯ ಮೇಲೆ ಒಂದು ಊರು. ಆ ಊರಿನ ಶಾಲೆಗೆ ಬಾಗಿಲಿತ್ತು, ಬಾಗಿಲಿಗೆ ಬೀಗ ಇರಲಿಲ್ಲ. ಬೀಗ ಬೇಕಾಗಿಯೂ ಇರಲಿಲ್ಲ. ಒಳಗಿನಿಂದ ಹೆಸರು ಹಿಡಿದು ಕೂಗಿದ ಹೊರತು ಯಾವ ಮಗುವಿನ ಕಾಲೂ ಆ ಹೊಸ್ತಿಲನ್ನು ದಾಟುತ್ತಿರಲಿಲ್ಲ. ಕೆಲವು ತುಂಟರು ದೂರದಿಂದ ಓಡಿ ಬಂದು ಹಾರಿ ನೋಡಿದ್ದರು. ಹಾರಿದವರು ಹಾರಿದ ಜಾಗದಲ್ಲೇ ಬಂದು ಇಳಿದಿದ್ದರು. ಹೀಗೇಕೆ ಎಂದು ಯಾರೂ ಕೇಳುತ್ತಿರಲಿಲ್ಲ. ನೀರು ತಗ್ಗಿಗೆ ಹರಿಯುವುದೇಕೆ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ.

ಕೂಗುತ್ತಿದ್ದವರು ದೊಡ್ಡಕ್ಕೋರು. ಶಾಲೆ ನಡೆಸುವವರೂ ಅವರೇ. ಮೂವತ್ತೆರಡು ವರ್ಷದಿಂದ ಪ್ರತಿ ಮುಂಜಾನೆ ಬಿಸಿಲು ಮೆಟ್ಟಿಲಿಗೆ ಬೀಳುವ ಹೊತ್ತಿಗೆ ಅವರು ಹೊಸ್ತಿಲಿನ ಒಳಬದಿಗೆ ಬಂದು ನಿಲ್ಲುತ್ತಿದ್ದರು. ಕೈಯಲ್ಲಿ ಪುಸ್ತಕವಿಲ್ಲ, ಪಟ್ಟಿಯಿಲ್ಲ. ನೂರಾ ಹನ್ನೆರಡು ಮಕ್ಕಳು, ನೂರಾ ಹನ್ನೆರಡು ಹೆಸರು. ಒಂದು ಹೆಸರು, ಒಂದು ಮಗು ಒಳಗೆ. ಇನ್ನೊಂದು ಹೆಸರು, ಇನ್ನೊಂದು ಮಗು ಒಳಗೆ. ಅಂಗಳದಾಚೆ ಬೇವಿನ ನೆರಳಲ್ಲಿ ಅಪ್ಪ ಅಮ್ಮಂದಿರು ನಿಂತು ಕೇಳುತ್ತಿದ್ದರು. ಹೆಸರು ಕೂಗುವ ಹೊತ್ತಿನಲ್ಲಿ ಆ ನೆರಳು ದಾಟಿ ಈಚೆಗೆ ಬರುವ ಪದ್ಧತಿ ಅವರಿಗಿರಲಿಲ್ಲ. ತಮ್ಮ ಮಗುವಿನ ಹೆಸರು ಕಿವಿಗೆ ಬಿದ್ದ ಮೇಲೆ ಸೆರಗು ಸಿಕ್ಕಿಸಿಕೊಂಡು, ರುಮಾಲು ಬಿಗಿದುಕೊಂಡು ಕೆಲಸಕ್ಕೆ ಹೊರಡುತ್ತಿದ್ದರು. ಆ ಹೆಸರು ಕೇಳದೆ ನೇಕಾರ ಮಗ್ಗಕ್ಕೆ ಕೂರುತ್ತಿರಲಿಲ್ಲ, ಬಣ್ಣಗಾರ ನೂಲು ಅದ್ದುವ ಬಾನಿಗೆ ಬಣ್ಣ ಹಾಕುತ್ತಿರಲಿಲ್ಲ, ಸುಣ್ಣದವಳು ಕಲ್ಲು ಸುಡುವ ಗೂಡಿಗೆ ಬೆಂಕಿ ಕೊಡುತ್ತಿರಲಿಲ್ಲ.

ಈ ಸುಣ್ಣದವಳಿಗೆ ಒಬ್ಬಳೇ ಮಗಳು, ಹೊನ್ನವ್ವ, ಎಂಟು ವರ್ಷದವಳು. ಗಂಡ ತೀರಿಕೊಂಡ ಮೇಲೆ ಊರ ಹೊರಗೆ ಗುಡ್ಡದ ಇಳಿಜಾರಿನಲ್ಲಿದ್ದ ಸುಣ್ಣದ ಗೂಡನ್ನು ಅವಳೊಬ್ಬಳೇ ನಡೆಸುತ್ತಿದ್ದಳು. ಕಲ್ಲು ಸುಟ್ಟು ಸುಟ್ಟು ಅವಳ ಕೈ ಮೊಣಕೈವರೆಗೆ ಬೆಳ್ಳಗಾಗಿತ್ತು. ಮಾತು ಕಡಿಮೆ. ನೂರಾ ಹನ್ನೆರಡರಲ್ಲಿ ಹೊನ್ನವ್ವನ ಹೆಸರು ಎಪ್ಪತ್ತನೆಯದಾಗಿ ಬರುತ್ತಿತ್ತು. ಅಲ್ಲಿಯವರೆಗೆ ಅವಳು ಉಸಿರನ್ನು ಅರ್ಧಕ್ಕೆ ಹಿಡಿದು ನಿಂತಿರುತ್ತಿದ್ದಳು. ಹೆಸರು ಬಂದ ಮೇಲೆ ಬಿಡುತ್ತಿದ್ದಳು.

ಒಂದು ಮುಂಜಾನೆ ನೂರಾ ಹನ್ನೆರಡೂ ಮುಗಿದ ಮೇಲೆ ದೊಡ್ಡಕ್ಕೋರು ಒಳಗೆ ತಿರುಗಲಿಲ್ಲ. ಬೇವಿನ ಮರದ ಕಡೆ ನೋಡಿದರು. ಕೆಲಸಕ್ಕೆ ಹೊರಟಿದ್ದವರೂ ನಿಂತರು.

"ಇನ್ನ ಒಂಬತ್ತು ದಿನ ಕೂಗತೀನಿ. ಹತ್ತನೇ ದಿನಕ್ಕ ಊರು ಬಿಡತೀನಿ" ಎಂದರು. ಇಷ್ಟೇ ಹೇಳಿ ಒಳಗೆ ಹೋದರು.

ಅವತ್ತು ಯಾರ ಕೈಗೂ ಕೆಲಸ ಹತ್ತಲಿಲ್ಲ. ನೇಕಾರನ ಎಳೆ ಕಡಿಯಿತು. ಬಣ್ಣಗಾರನ ಬಾನಿಯಲ್ಲಿ ಕೆಂಪು ಹಾಕಿದರೆ ಕಂದು ಬಂತು. ಸಂಜೆಯ ಹೊತ್ತಿಗೆ ಎಲ್ಲರೂ ಹೇಳದೆ ಕೇಳದೆ ಬೇವಿನ ಕೆಳಗೆ ಕೂಡಿದರು. ನಿಂತಲ್ಲಿ ನಿಲ್ಲಲಾರದೆ ಶಾಲೆಯ ಸುತ್ತ ನಡೆಯತೊಡಗಿದರು. ಮರುದಿನವೂ ನಡೆದರು, ಅದರ ಮರುದಿನವೂ. ನಡೆಯುತ್ತ ನಡೆಯುತ್ತ ಒಬ್ಬರು ಇನ್ನೊಬ್ಬರ ತಪ್ಪು ಹುಡುಕಿದರು. ನೇಕಾರನ ಹೆಂಡತಿ ಮಕ್ಕಳನ್ನು ತಡಮಾಡಿ ಕಳಿಸುತ್ತಿದ್ದಳು, ಅದಕ್ಕೇ ಅಕ್ಕೋರಿಗೆ ಬೇಸರವಾಯಿತು. ಗಾಣದವನ ಮಗ ಹಲಗೆ ಒಡೆದಿದ್ದ, ಅದಕ್ಕೇ. ಸುಣ್ಣದವಳು ಈ ವರ್ಷ ಶಾಲೆಯ ಗೋಡೆಗೆ ಸುಣ್ಣ ತಡವಾಗಿ ಕೊಟ್ಟಳು, ಅದಕ್ಕೇ. ಇರಬಹುದೇನೋ ಎಂದು ಸುಣ್ಣದವಳೂ ನಂಬಿದಳು. ಬುಟ್ಟಿ ತುಂಬ ಹೊಸ ಸುಣ್ಣ ತಂದು ಬೇಡದ ಗೋಡೆಗೂ ಬಳಿದಳು. ದೊಡ್ಡಕ್ಕೋರು ನೋಡಿ, "ಚೊಲೊ ಆತು" ಎಂದರು. ಹೋಗುವುದಿಲ್ಲ ಎನ್ನಲಿಲ್ಲ.

ಎಂಟನೇ ಸಂಜೆ ಬಣ್ಣಗಾರ ಮಾತೆತ್ತಿದ. ದೊಡ್ಡ ದನಿಯ ಮನುಷ್ಯ, ಹತ್ತು ಬೆರಳಿಗೂ ಹತ್ತು ಬಣ್ಣ. ಅವನೂ ಚಿಕ್ಕವನಿದ್ದಾಗ ದೊಡ್ಡಕ್ಕೋರ ಕೂಗಿಗೆ ಒಳಗೆ ಹೋದವನೇ.

"ನಮ್ಮೂರಾಗ ಹೋಗೋರಾಗಲಿ ಬರೋರಾಗಲಿ ದಾರಿ ಕೇಳಬೇಕು. ಕೇಳಿದ ಮ್ಯಾಲ ತೋರಿಸಿದ ಕಡೆನ ನಡೀಬೇಕು. ಹೌದಿಲ್ಲೋ?"

ಹೌದು, ಅದು ಆ ಊರಿನ ಮರ್ಯಾದೆ. ದಾರಿ ಕೇಳದೆ ಊರು ಬಿಡುವುದು ಸತ್ತ ಮನೆಯಿಂದ ಹೇಳದೆ ಎದ್ದು ಹೋದಷ್ಟು ಕೆಟ್ಟದ್ದು. ತಪ್ಪು ದಾರಿ ತೋರಿಸಿದವರೂ ಅದುವರೆಗೆ ಇರಲಿಲ್ಲ.

"ಅಕ್ಕೋರು ಕೇಳಿದ್ರ ಎಲ್ಲಾರೂ ಸಾಲಿ ಕಡೆನ ಬೆರಳು ಮಾಡೋಣ. ಎಷ್ಟು ದಿನ ತಿರುಗತಾರ? ದಣಿದು ಇಲ್ಲೇ ಉಳೀತಾರ."

"ಅವರ ಬದಲಿಗೆ ಹೊಸಬರು ಯಾರರ ಬಂದ್ರ?" ಎಂದ ಗಾಣದವ.

"ಅವರಿಗೆ ಹೊರಗಿನ ಕಡೆ ಬೆರಳು ಮಾಡೋಣ."

ಎಲ್ಲರ ಎದೆ ಹಗುರಾಯಿತು. ಒಬ್ಬೊಬ್ಬರಿಗೆ ಒಂದೊಂದು ಮೂಲೆ ಹಂಚಿದರು. ಊರ ಕೊನೆಯ ಕವಲುದಾರಿ ಸುಣ್ಣದ ಗೂಡಿನ ಮುಂದೆಯೇ ಇದ್ದುದರಿಂದ ಅದು ಸುಣ್ಣದವಳ ಪಾಲಿಗೆ ಬಂತು. ಅಲ್ಲಿ ಒಂದು ದಾರಿ ಮೇಲೆ ಶಾಲೆಗೆ, ಒಂದು ಕೆಳಗೆ ಬಯಲಿಗೆ, ಇನ್ನೊಂದು ಸುಮ್ಮನೆ ಗುಡ್ಡ ಸುತ್ತಿ ಅಲ್ಲಿಗೇ ಬರುವಂಥದ್ದು.

"ಕೊನೀಗೆ ನಿಂತಾಕಿ ನೀನು. ಎಲ್ಲಾರ ಕೈ ತಪ್ಪಿದ್ರೂ ನಿನ್ನ ಕೈ ತಪ್ಪಬಾರದು" ಎಂದ ಬಣ್ಣಗಾರ.

ಅವಳು ತಲೆಯಾಡಿಸಿದಳು.

ಹತ್ತನೇ ದಿನ ದೊಡ್ಡಕ್ಕೋರು ಕೈಚೀಲ ಹಿಡಿದು ಮೆಟ್ಟಿಲಿಳಿದರು. ಮಕ್ಕಳು ಅಂಗಳದಲ್ಲಿ ನಿಂತಿದ್ದವು. ಅವರು ಯಾರ ಹೆಸರನ್ನೂ ಕೂಗಲಿಲ್ಲ. ಮೊದಲ ಮೂಲೆಯಲ್ಲಿ ನೇಕಾರನನ್ನು ಕೇಳಿದರು, "ಹೊರಗ ಹೋಗೋ ದಾರಿ ಯಾವುದಪಾ?" ನೇಕಾರ ಬೆರಳು ತೋರಿಸಿದ. ಅವರು ನಡೆದರು. ಇನ್ನೊಂದು ಮೂಲೆಯಲ್ಲಿ ಕೇಳಿದರು, ನಡೆದರು. ಕೇಳಿದರು, ನಡೆದರು. ಸಂಜೆ ಸುಣ್ಣದ ಗೂಡಿನ ಮುಂದೆ ಬಂದು ನಿಂತಾಗ ಅವರ ಹಿಮ್ಮಡಿ ಧೂಳಾಗಿತ್ತು.

"ದಾರಿ ಯಾವುದವಾ?"

ಸುಣ್ಣದವಳು ಬೆಳ್ಳಗಿನ ಕೈ ಎತ್ತಿ ಶಾಲೆಯ ಕಡೆ ತೋರಿಸಿದಳು. ಅವರು ಅವಳ ಮುಖ ನೋಡಿದರು, ಬೆರಳು ನೋಡಿದರು, ಏರು ಹತ್ತಿದರು. ಆ ರಾತ್ರಿ ಶಾಲೆಯ ಜಗಲಿಯಲ್ಲಿ ಮಲಗಿದರು.

ಮಾರನೆಯ ಮುಂಜಾನೆ ಎಲ್ಲರೂ ಆಸೆಯಿಂದ ಬೇವಿನ ಕೆಳಗೆ ನಿಂತರು. ದೊಡ್ಡಕ್ಕೋರು ಹೊಸ್ತಿಲ ಒಳಗೆ ನಿಂತು ಕೂಗಿಯೂ ನೋಡಿದರು. ದನಿ ಅದೇ, ಹೆಸರು ಅದೇ. ಮಕ್ಕಳ ಕಾಲು ಏಳಲಿಲ್ಲ. ಒಮ್ಮೆ ಬಿಟ್ಟು ಇಳಿದ ಮೇಲೆ ಕೂಗುವ ಕೆಲಸ ಅವರನ್ನು ಬಿಟ್ಟೇ ಹೋಗಿತ್ತು. ಅವರು ಚೀಲ ಹಿಡಿದು ಮತ್ತೆ ದಾರಿ ಕೇಳುತ್ತ ಹೊರಟರು.

ಆಗ ತಾಯಿತಂದೆಗಳು ತಾವೇ ಕೂಗಲು ಹವಣಿಸಿದರು. ಬಣ್ಣಗಾರ ಮಗನ ಹೆಸರನ್ನು ಗುಡ್ಡ ನಡುಗುವ ಹಾಗೆ ಕೂಗಿದ. ಮಗ ಹೊಸ್ತಿಲಿಗೆ ಬೆನ್ನು ಮಾಡಿ ಅಪ್ಪನ ಹತ್ತಿರ ಓಡಿ ಬಂದ. ನೇಕಾರನ ಹೆಂಡತಿ ದೊಡ್ಡಕ್ಕೋರ ದನಿಯನ್ನೇ ತೆಗೆದು ಕೂಗಿದಳು. ಅವಳ ಮಕ್ಕಳೂ ಅವಳ ಮಡಿಲಿಗೇ ಬಂದವು. ಸುಣ್ಣದವಳು ಎಲ್ಲರಿಗಿಂತ ಮೆಲ್ಲಗೆ, "ಹೊನ್ನವ್ವಾ" ಎಂದಳು. ಹೊನ್ನವ್ವ ಬಂದು ಅವಳ ಸೊಂಟ ಹಿಡಿದು ನಿಂತಳು. ಹೆತ್ತವರ ಕೂಗಿಗೆ ಮಕ್ಕಳು ಮನೆಯ ಕಡೆಗೆ ತಿರುಗುತ್ತಿದ್ದವೇ ಹೊರತು ಒಳಗೆ ಹೋಗುತ್ತಿರಲಿಲ್ಲ.

ಅದೇ ಸಂಜೆ ಕವಲಿಗೆ ಇನ್ನೊಬ್ಬ ಬಂದ. ಹೆಗಲ ಮೇಲೆ ತಗಡಿನ ಟ್ರಂಕು, ಎಳೆಯ ಮೀಸೆ, ಬೆವರಿದ ಅಂಗಿ.

"ಅಮ್ಮಾ, ಶಾಲೆಗೆ ಹೋಗೋ ದಾರಿ ಯಾವುದು? ನಾನು ಹೊಸ ಮೇಷ್ಟ್ರು."

ಅಮ್ಮಾ ಎಂದದ್ದರಲ್ಲೇ ಅವನು ದೂರದವನು ಎಂದು ತಿಳಿಯಿತು. ಸುಣ್ಣದವಳು ಗುಡ್ಡ ಸುತ್ತುವ ದಾರಿ ತೋರಿಸಿದಳು. ಅವನು ಕೈ ಮುಗಿದು ಹೋದ. ಮರುದಿನ ಸಂಜೆ ಅಲ್ಲಿಗೇ ಬಂದ.

"ನಿನ್ನೇನೂ ಇಲ್ಲಿಗೇ ಬಂದಿದ್ದೆ ಅನ್ಸುತ್ತಮ್ಮ" ಎಂದು ನಾಚಿ ನಕ್ಕ. ಅವಳು ಮತ್ತೆ ಅದೇ ದಾರಿ ತೋರಿಸಿದಳು. ಅವನು ಮತ್ತೆ ಕೈ ಮುಗಿದ. ಅವಳಿಗೆ ಆ ಬೆರಳು ಸುಟ್ಟಂತಾಗಿ ನೀರಿನ ಗಡಿಗೆಯಲ್ಲಿ ಅದ್ದಿಕೊಂಡಳು.

ಹೀಗೆ ಒಬ್ಬರು ಹೊರಗೆ ಹೋಗಲಾರದೆ ಒಳಗೆ ತಿರುಗಿದರು, ಒಬ್ಬ ಒಳಗೆ ಬರಲಾರದೆ ಹೊರಗೆ ತಿರುಗಿದ. ಮಕ್ಕಳು ನಡುವೆ ಅಂಗಳದಲ್ಲಿ ನಿಂತವು. ಊರಿನ ಕೆಲಸ ನಿಂತಿತು. ಗೂಡು ತಣ್ಣಗಾಯಿತು.

ಕೂಗು ನಿಂತ ನಾಲ್ಕನೇ ದಿನ ಉಣ್ಣಲು ಬಡಿಸಿ ಸುಣ್ಣದವಳು, "ಹೊನ್ನವ್ವಾ, ಬಾ" ಎಂದಳು. ಹುಡುಗಿ ಕಟ್ಟೆಯ ಮೇಲೆ ಕೂತೇ ಇದ್ದಳು. ಇನ್ನೊಮ್ಮೆ ಕರೆದಳು. ಹುಡುಗಿ ಕದಲಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದಾಗ ತಿರುಗಿ ನೋಡಿದಳು.

"ಕರದದ್ದು ಕೇಳಲಿಲ್ಲೇನ?"

"ಕೇಳಿಸ್ತು. ನನ್ನ ಕರದಿ ಅಂತ ಗೊತ್ತಾಗಲಿಲ್ಲವಾ."

ಮಗಳು ಹಟಕ್ಕೆ ಹೇಳಿದ ಮಾತಲ್ಲ ಅದು. ಸುಣ್ಣದವಳು ನೇಕಾರನ ಮನೆಗೆ ಓಡಿದಳು. ಅಲ್ಲಿಯೂ ಹಾಗೇ ಆಗಿತ್ತು. ಗಾಣದವನ ಮಗ ಮಧ್ಯಾಹ್ನದಿಂದ ಓಗೊಡುತ್ತಿರಲಿಲ್ಲ. ದಿನಕ್ಕೊಮ್ಮೆ ಆ ಹೊಸ್ತಿಲಲ್ಲಿ ಕೂಗಿಸಿಕೊಳ್ಳದ ಹೆಸರು ಮೈಯಿಂದ ಸಡಿಲಾಗಿ ಕಳಚಿ ಬೀಳುತ್ತಿತ್ತು. ಅವಳು ಬಣ್ಣಗಾರನ ಬಾಗಿಲು ಬಡಿದಳು.

"ಬೆರಳು ತಿರುಗಿಸೂನಪಾ, ಸಾಕು" ಎಂದಳು.

"ಇನ್ನೊಂದು ದಿನ ತಡಿ. ಅವರು ದಣಿದಾರ."

"ಮಕ್ಕಳು ದಣಿದಾವು."

"ಅವರು ಹೋದ್ರ ಮುಂದೇನು? ಯಾರೋ ಪರದೇಶಿಗೆ ನಮ್ಮ ಮಕ್ಕಳ ಹೆಸರು ಕೊಡೂದೇನು?" ಎಂದ ಬಣ್ಣಗಾರ. ದನಿ ದೊಡ್ಡದಿತ್ತು, ಆದರೆ ಕಣ್ಣಲ್ಲಿ ನಿದ್ದೆ ಇರಲಿಲ್ಲ. ಅವನ ಹಿಂದೆ ಅವನ ಮಗ ಗೋಡೆಗೆ ಮುಖ ಮಾಡಿ ಕೂತಿದ್ದ.

ಐದನೇ ಸಂಜೆ ದೊಡ್ಡಕ್ಕೋರು ಕವಲಿಗೆ ಬಂದಾಗ ದಾರಿ ಕೇಳಲಿಲ್ಲ. ಗೂಡಿನ ಕಟ್ಟೆಯ ಮೇಲೆ ಕುಸಿದು ಕೂತರು. ಪಾದದಲ್ಲಿ ಬೊಬ್ಬೆ ಎದ್ದಿದ್ದವು. ಸುಣ್ಣದವಳು ನೀರು ತಂದು ಕಾಲಿಗೆ ಹಾಕಿದಳು.

"ಅಕ್ಕೋರ, ನಾವೇನು ತಪ್ಪು ಮಾಡಿದ್ವಿ?" ಎಂದು ಅವಳು ಕೇಳಿದಳು.

"ನೀವ್ಯಾಕ ತಪ್ಪು ಮಾಡತೀರಿ. ಹೋದ ತಿಂಗಳು ಬಣ್ಣಗಾರನ ಮಗನ್ನ ಕೂಗಿದೆ. ಮೂರು ಸಲ ಕೂಗಿದೆ. ಹುಡುಗ ಒಳಗ ಬರಲೇ ಇಲ್ಲ. ಆಮ್ಯಾಲ ಗೊತ್ತಾತು, ನಾ ಕೂಗಿದ್ದು ಅವರಪ್ಪನ ಹೆಸರು. ಅಪ್ಪ ಸಣ್ಣಾವಿದ್ದಾಗ ಹಿಂಗ ನಿಂತಿರತಿದ್ದ. ನನಗ ಅವನ ಕಂಡ." ಅವರು ಸೆರಗಿನಿಂದ ಕಾಲು ಒರೆಸಿಕೊಂಡರು. "ಈಗ ಯಾವ ಮಗೂನ ನೋಡಿದ್ರೂ ಅದರ ಹಿಂದ ಹಳೇ ಮಗು ಕಾಣತೈತಿ. ಈ ಮಕ್ಕಳಿಗೆ ಇವರನ್ನಷ್ಟ ನೋಡೋ ಕಣ್ಣು ಬೇಕವಾ. ನನ್ನ ಕಣ್ಣು ತುಂಬ್ಯಾವು."

"ಹೊಸಬರ ಕೂಗಿಗೆ ಬರತಾವೇನ್ರಿ ಮಕ್ಕಳು?"

"ನಾ ಬಂದ ದಿನ ಒಂದೂ ಬರಲಿಲ್ಲ. ಸಂಜೀತನಕ ಕೂಗಿ ನನ್ನ ಗಂಟಲು ಹರೀತು. ಆಗ ನಿಮ್ಮತ್ತಿ ಬಂದ್ಲು, ಮೆಟ್ಟಿಲ ತನಕ. ತನ್ನ ಮಗ ಎಂಥಾವ ಅಂತ ಹೇಳಿದ್ಲು. ಅಷ್ಟ ಹೇಳಿದ್ಲು. ಆಮ್ಯಾಲ ಕೂಗಿದೆ, ಬಂದ. ನನಗ ಮೊದಲನೇ ಹುಡುಗ ಅಂದ್ರ ನಿನ್ನ ಗಂಡ."

ಅತ್ತೆ ಈ ಮಾತನ್ನು ಯಾವತ್ತೂ ಹೇಳಿರಲಿಲ್ಲ. ಆ ಕಾಲದ ತಾಯಿತಂದೆಗಳಲ್ಲಿ ಈಗ ಯಾರೂ ಉಳಿದಿರಲಿಲ್ಲ. ಸುಣ್ಣದವಳು ಗಂಡನನ್ನು ಎಂಟು ವರ್ಷದ ಹುಡುಗನಾಗಿ ಆ ಹೊಸ್ತಿಲ ಮುಂದೆ ನೆನೆಯಲು ನೋಡಿದಳು. ಆಗಲಿಲ್ಲ. ಕಣ್ಣು ಮಾತ್ರ ತುಂಬಿ ಬಂತು.

ದೊಡ್ಡಕ್ಕೋರು ಎದ್ದು ಚೀಲ ತೆಗೆದುಕೊಂಡರು.

"ದಾರಿ ಯಾವುದವಾ?"

ಊರವರ ಮುಂದೆ ಕೊಟ್ಟ ಮಾತು ಅವಳ ಭುಜವನ್ನು ಹಿಡಿದು ಎಳೆಯಿತು. ನಾಳೆ ಬೇವಿನ ಕೆಳಗೆ ಯಾರೂ ತನ್ನ ಪಕ್ಕ ನಿಲ್ಲಲಾರರು ಎಂಬುದೂ ಗೊತ್ತಿತ್ತು. ಆದರೂ ಅವಳು ಕೈ ಎತ್ತಿ ಬಯಲಿನ ಕಡೆ ತೋರಿಸಿದಳು. ದೊಡ್ಡಕ್ಕೋರು ಅವಳ ಕೆನ್ನೆ ಮುಟ್ಟಿದರು. ಇಳಿಜಾರಿನಲ್ಲಿ ಮೆಲ್ಲಗೆ ಇಳಿದರು. ತಿರುವಿನಲ್ಲಿ ಒಮ್ಮೆ ಸೀರೆ ಕಂಡಿತು, ಆಮೇಲೆ ಕಾಣಲಿಲ್ಲ.

ಸುಣ್ಣದವಳು ಅಲ್ಲೇ ಕಾದಳು. ಸ್ವಲ್ಪ ಹೊತ್ತಿಗೆ ಗುಡ್ಡ ಸುತ್ತಿ ಹೊಸ ಮೇಷ್ಟ್ರು ಬಂದ. ಟ್ರಂಕು ಈಗ ತಲೆಯ ಮೇಲಿತ್ತು, ಚಪ್ಪಲಿ ಕೈಯಲ್ಲಿತ್ತು.

"ತಪ್ಪು ತಿಳೀಬೇಡ್ರಿ. ಇಷ್ಟು ದಿನ ನಾನ ನಿಮಗ ಸುಳ್ಳು ದಾರಿ ತೋರಿಸಿದೆ" ಎಂದಳು.

ಅವನು ಟ್ರಂಕು ಇಳಿಸಿ ಅದರ ಮೇಲೆ ಕೂತ. "ನಿನ್ನೇನೇ ಗೊತ್ತಾಯ್ತಮ್ಮ" ಎಂದ.

"ಗೊತ್ತಿದ್ದೂ ಯಾಕ ನಡದ್ರಿ?"

"ತೋರಿಸಿದ ಕಡೆನೇ ನಡೀಬೇಕಂತಲ್ಲ, ನಿಮ್ಮೂರಲ್ಲಿ."

ಅವಳು ಟ್ರಂಕಿನ ಒಂದು ಕಡೆ ಹಿಡಿದಳು. ಇಬ್ಬರೂ ಏರು ಹತ್ತಿದರು.

ಮುಂಜಾನೆ ಊರೆಲ್ಲ ಬೇವಿನ ಕೆಳಗಿತ್ತು. ಸುದ್ದಿ ಹರಡಿತ್ತು. ಸುಣ್ಣದವಳು ಬಂದಾಗ ಹೆಂಗಸರು ಸರಿದು ಜಾಗ ಬಿಟ್ಟರು. ಅದು ಮರ್ಯಾದೆಯ ಜಾಗವಲ್ಲ. ಬಣ್ಣಗಾರ ಅವಳ ಮುಖ ನೋಡದೆ, "ನಮ್ಮ ಕೈ ಕಡದಿ" ಎಂದ.

ಹೊಸ ಮೇಷ್ಟ್ರು ಹೊಸ್ತಿಲ ಒಳಗೆ ನಿಂತಿದ್ದ. ಒಬ್ಬ ಹುಡುಗನ ಕೈಯಲ್ಲಿ ಬರೆಸಿಕೊಂಡ ಪಟ್ಟಿ ಹಿಡಿದಿದ್ದ. ಒಂದು ಹೆಸರು ಕೂಗಿದ. ಯಾವ ಮಗುವೂ ಕದಲಲಿಲ್ಲ. ಇನ್ನೊಂದು ಕೂಗಿದ. ಇಲ್ಲ. ಬಿಸಿಲು ಮೆಟ್ಟಿಲಿಂದ ಇಳಿದು ಅಂಗಳಕ್ಕೆ ಬಂತು. ಅವನು ನೂರಾ ಹನ್ನೆರಡನ್ನೂ ಕೂಗಿ ಮುಗಿಸಿದ. ನೂರಾ ಹನ್ನೆರಡು ಮಕ್ಕಳು ಯಾರದೋ ಮನೆಯ ಹೆಸರು ಕೇಳಿದ ಹಾಗೆ ನಿಂತಿದ್ದವು. ಬೇವಿನ ಕೆಳಗೆ ಯಾರೋ ನಕ್ಕರು. ಯಾರೋ ಅತ್ತರು.

ಸುಣ್ಣದವಳ ಕಾಲು ಆ ನೆರಳಿನ ಅಂಚಿನಲ್ಲಿ ಬಹಳ ಹೊತ್ತು ಹಿಂದೆಮುಂದೆ ಆಡಿತು. ಆಮೇಲೆ ಅವಳು ದಾಟಿದಳು. ಮಕ್ಕಳ ನಡುವೆ ಹಾದು ಮೆಟ್ಟಿಲ ಬುಡಕ್ಕೆ ಹೋಗಿ ನಿಂತಳು. ಎಲ್ಲರೂ ನೋಡುತ್ತಿದ್ದರು. ಅವಳಿಗೆ ಸಭೆಯಲ್ಲಿ ಮಾತಾಡಿ ಗೊತ್ತಿರಲಿಲ್ಲ.

"ಸರ್, ಅಲ್ಲಿ ಹಸಿರು ಲಂಗದಾಕಿ ನನ್ನ ಮಗಳು ಹೊನ್ನವ್ವ" ಎಂದಳು. "ಎಡಗೈಲೆ ಬರೀತಾಳ್ರಿ. ನಾ ಬೈತಿದ್ದೆ. ಅದಕ್ಕ ನನ್ನ ಮುಂದ ಬರಿಯೂದು ಬಿಟ್ಟಾಳ."

ಅವನು ಪಟ್ಟಿಯನ್ನು ಮಡಿಸಿ ಕಿಸೆಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತ.

"ಕೆಟ್ಟ ಕನಸು ಬಿದ್ರ ಹೇಳೂದಿಲ್ಲ. ಎದ್ದು ನೋಡಿದ್ರ ನನ್ನ ಸೆರಗಿಗೆ ಗಂಟು ಹಾಕಿರತಾಳ. ಗಂಟು ಕಂಡ್ರ ನನಗ ತಿಳೀತೈತಿ. ಲೆಕ್ಕ ಅಂದ್ರ ಬ್ಯಾಸರ. ಇರುವೆ ಸಾಲು ಕಂಡ್ರ ಊಟ ಮರೀತಾಳ. ಅವರಪ್ಪ ತೀರಿಕೊಂಡ ದಿನ ಅಳಲಿಲ್ಲ. ಎರಡು ತಿಂಗಳಾದ ಮ್ಯಾಲ ಒಂದು ದಿನ ರೊಟ್ಟಿ ಸೀದದ್ದಕ್ಕ ಅತ್ಲು, ಸಂಜೀತನಕ." ಅವಳು ಮಗಳ ಕಡೆ ತಿರುಗಿ ನೋಡಿದಳು. "ಉಳದದ್ದು ನನಗ ಗೊತ್ತಿಲ್ರಿ. ನೀವ ನೋಡಿಕೋಬೇಕು."

ಮೇಷ್ಟ್ರು ಎದ್ದು ಹೊಸ್ತಿಲ ಒಳಗೆ ಹೋದ. ಈಗ ಅವನು ಪಟ್ಟಿಯನ್ನು ಹೊರತೆಗೆಯಲಿಲ್ಲ, ಹಸಿರು ಲಂಗದ ಹುಡುಗಿಯನ್ನು ನೋಡಿದ.

"ಹೊನ್ನಮ್ಮ" ಎಂದು ತನ್ನ ಸೀಮೆಯ ರೂಢಿಯಂತೆ ಕೂಗಿದ.

ಹುಡುಗಿ ತಲೆಯೆತ್ತಿದಳು. ಹುಬ್ಬು ಗಂಟಿಕ್ಕಿತು. ಅವಳ ಕಾಲ ಬೆರಳು ಮಣ್ಣನ್ನು ಗೀರಿದವು.

"ಹೊನ್ನಮ್ಮ ಅಲ್ರಿ" ಎಂದಳು. "ಹೊನ್ನವ್ವ."

"ತಪ್ಪಾಯ್ತು. ಹೊನ್ನವ್ವ."

"ಹಾಂ" ಎಂದು ಅವಳು ಲಂಗ ಎತ್ತಿ ಹಿಡಿದು, ಮೆಟ್ಟಿಲೇರಿ, ಹೊಸ್ತಿಲು ದಾಟಿ ಒಳಗೆ ಹೋದಳು. ತಾಯಿಯ ಕಡೆ ತಿರುಗಿ ನೋಡಲಿಲ್ಲ.

ಅಂಗಳದಲ್ಲಿ ಇನ್ನೂ ನೂರಾ ಹನ್ನೊಂದು ಮಕ್ಕಳಿದ್ದವು. ಆಮೇಲೆ ಬಣ್ಣಗಾರ ಜನರನ್ನು ಸರಿಸಿಕೊಂಡು ದಡದಡ ಬಂದ. ಸುಣ್ಣದವಳ ಪಕ್ಕದಲ್ಲೇ ನಿಂತ. "ನನ್ನ ಮಗ" ಎಂದು ದೊಡ್ಡ ದನಿಯಲ್ಲಿ ಶುರು ಮಾಡಿದ. "ನನ್ನ ಮಗ ಅಂದ್ರ..." ದನಿ ಅಲ್ಲಿಗೇ ನಿಂತಿತು. ಬಾಯಿ ತೆರೆದೇ ಇತ್ತು. ಅವನು ಮೇಷ್ಟ್ರನ್ನು ನೋಡಿದ, ಸುಣ್ಣದವಳನ್ನು ನೋಡಿದ.

ಮತ್ತೆ ಅವನು ತಿರುಗಿ ಮಕ್ಕಳ ನಡುವೆ ನಡೆದು ಹೋದ. ಮಗನ ಮುಂದೆ ಮಣ್ಣಿನಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ಊರು ಕೇಳಿರಲಿಲ್ಲ.

"ನಿನಗ ಏನು ಸೇರತೈತಪಾ?" ಎಂದು ಕೇಳಿದ.

ಹುಡುಗ ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಬಾಗಿ ಅವನ ಕಿವಿಯಲ್ಲಿ ಹೇಳತೊಡಗಿದ. ಹೇಳುವುದು ಬಹಳವಿತ್ತು.